ಬಿಸಿಲಿಗಿಟ್ಟ ಎಳನೀರು

ಮೊದಲು ಜುಮ್ಮೆಂದದ್ದು ಎಳನೀರಿಗೆ.

ಬಾಯಿಯ ಕ್ಯಾನ್ಸರಿಗೆ ಹಾಸನದಲ್ಲಿ ರೇಡಿಯೇಶನ್ ಮುಗಿದಿತ್ತು. ಹುಣ್ಣು ಮಾಯ್ದಿತ್ತು. "ಇನ್ನು ನಿಧಾನವಾಗಿ ಎಲ್ಲಾ ತಿನ್ನಿ" ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಇಳಿದವನೇ ಎಳನೀರಿನ ಗಾಡಿಯ ಮುಂದೆ ನಿಂತೆ. ತೆಂಗಿನ ಸೀಮೆಯಲ್ಲಿ ಹುಟ್ಟಿದವನು ಮತ್ತೇನು ಕೇಳಿಯಾನು? ಒಂದು ಗುಟುಕು ಒಳಗೆ ಹೋಯಿತು. ಎಡ ದವಡೆಯಿಂದ ಕಿವಿಗೆ, ಕಿವಿಯಿಂದ ನೆತ್ತಿಗೆ ಯಾರೋ ಕಾದ ತಂತಿ ಎಳೆದಂತಾಯಿತು. ಬುರುಡೆ ಕೈಯಿಂದ ಜಾರಿ ಪಂಚೆಯೆಲ್ಲ ಒದ್ದೆಯಾಯಿತು.

"ಏನಾಯ್ತ್ರೀ?" ಎಂದಳು ನನ್ನ ಹೆಂಡತಿ ಜಯಮ್ಮ.

"ಹಲ್ಲು" ಎಂದೆ.

ಗಾಡಿಯವನು ನಕ್ಕ.

ಕ್ಯಾನ್ಸರಿಗೆ ಒಂದು ಮರ್ಯಾದೆಯಿದೆ. ಆ ಹೆಸರು ಕೇಳಿದರೆ ಜನ ದನಿ ತಗ್ಗಿಸುತ್ತಾರೆ, ಸೇಬು ಕಿತ್ತಳೆ ಹಿಡಿದು ಬರುತ್ತಾರೆ, ಮಂಚದ ಪಕ್ಕ ಕೂತು ತಮಗೆ ಬಂದಿಲ್ಲವಲ್ಲ ಎಂಬ ಸಮಾಧಾನವನ್ನು ಮುಖದಲ್ಲಿ ಮುಚ್ಚಿಕೊಳ್ಳಲು ಒದ್ದಾಡುತ್ತಾರೆ. ಹಲ್ಲು ಜುಮ್ಮೆನ್ನುತ್ತದೆ ಎಂದು ನೋಡಿ. ಅದೇ ಜನ, "ಅಂಥಾ ರೋಗಾನೇ ಗೆದ್ದು ಬಂದೆ, ಹಲ್ಲಿಗೆ ಹೆದರ್ತೀಯಲ್ಲಾ" ಎಂದು ತೊಡೆ ತಟ್ಟಿ ನಗುತ್ತಾರೆ. ಅವರ ಸೇಬನ್ನು ಕಚ್ಚಲಾರದೆ ನಾನು ಅವರ ಮುಖ ನೋಡುತ್ತ ಕೂರುತ್ತಿದ್ದೆ.

ಅವರನ್ನು ಬೈದು ಏನು ಪ್ರಯೋಜನ? ನಾನು ಅವರಿಗಿಂತ ಕೀಳು. ಅರಸೀಕೆರೆಯಿಂದ ಹಳೇಬೀಡಿನ ಮೇಲೆ ಬೇಲೂರಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ದೇವಸ್ಥಾನ ನೋಡಲು ಬಂದವರು ಯಾರಾದರೂ ತಣ್ಣನೆಯ ಬಾಟಲಿ ಬಾಯಿಗಿಟ್ಟು ಮುಖ ಹಿಂಡಿದರೆ, ಪೇಟೆಯವರ ಪುಕ್ಕಲು ಹಲ್ಲು ಎಂದು ಹೀಯಾಳಿಸುತ್ತಿದ್ದೆ. ನನ್ನ ಹಲ್ಲು ಇದ್ದಿಲು, ಉಪ್ಪು ಕಂಡ ಹಲ್ಲು ಎಂಬ ಜಂಬ. ಆಗ ನನ್ನ ಎಡಗೆನ್ನೆಯೊಳಗೆ ಏನಿರುತ್ತಿತ್ತು ಎಂಬುದನ್ನೂ ಹೇಳುತ್ತೇನೆ. ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಬಯಾಪ್ಸಿ ಬಂದ ದಿನ ಡಾಕ್ಟರು ಕೇಳಿದ್ದರು, "ಹೊಗೆಸೊಪ್ಪು ಎಷ್ಟು ಹಾಕ್ತಿದ್ರಿ?"

ಜಯ ಪಕ್ಕದಲ್ಲೇ ಇದ್ದಳು. ನಮ್ಮ ಮನೆಯಲ್ಲಿ ಊಟವಾದ ಮೇಲೆ ಅವಳು ತನ್ನ ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಸವರಿ, ಅಡಿಕೆಯ ಜೊತೆ ಹೊಗೆಸೊಪ್ಪಿನ ಒಂದು ಚೂರಿಟ್ಟು ಮಡಿಚಿ ನನಗೆ ಕೊಡುವಳು. ಆಮೇಲೆ ತನಗೊಂದು. ಮದುವೆಯಾದಂದಿನಿಂದ ಇದೇ ವಾಡಿಕೆ.

"ಊಟ ಆದ್ಮೇಲೆ ಇವಳು ಮಡಿಚಿ ಕೊಡೋದು, ಅಷ್ಟೇ ಸಾರ್" ಎಂದೆ.

ಅಷ್ಟೇ ಅಂತೆ.

ಅವಳು ಆ ಸಂಜೆ ಸಂಚಿಯನ್ನು ಚರಂಡಿಗೆ ಕೊಡವಿ, ತೊಳೆದು, ಖಾಲಿ ಸಂಚಿಯನ್ನು ಅಡುಗೆಮನೆಯ ಮೊಳೆಗೆ ನೇತುಹಾಕಿದಳು. ಅವತ್ತಿನಿಂದ ಎಲೆ ಮುಟ್ಟಲಿಲ್ಲ. ರೇಡಿಯೇಶನ್ನಿಗೆ ಹೋಗುವಾಗ ಬಸ್ಸಿನಲ್ಲಿ ಕೂತು ತನ್ನ ಬೆರಳುಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಸುಣ್ಣ ಹೋಗಿ ಎಷ್ಟೋ ಕಾಲವಾಗಿದ್ದ ಬೆರಳುಗಳು. ನಾನು ನೋಡಿಯೂ ಕಿಟಕಿಯಾಚೆ ಮುಖ ತಿರುಗಿಸುತ್ತಿದ್ದೆ.

ಎಳನೀರಿನ ಘಟನೆಯ ನಂತರ ಹಲ್ಲಿನ ಡಾಕ್ಟರ ಬಳಿ ಹೋದೆವು. ಮೊಮ್ಮಗಳ ವಯಸ್ಸಿನ ಹುಡುಗಿ. ನನ್ನ ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಪುಟ್ಟ ಕನ್ನಡಿ ತೂರಿಸಿ ನೋಡಿದಳು.

"ತಾತ, ರೇಡಿಯೇಶನ್ನಿಂದ ಜೊಲ್ಲು ಬತ್ತಿದೆ. ಜೊಲ್ಲಿಲ್ಲದೆ ಹಲ್ಲಿನ ಬುಡ ಸವೀತಿದೆ, ಅದಕ್ಕೇ ಜುಮ್ಮನ್ನೋದು. ಈ ಕಡೆ ಹಲ್ಲನ್ನ ನಮ್ಮನ್ನ ಕೇಳದೆ ಎಲ್ಲೂ ಕೀಳಿಸ್ಬೇಡಿ. ದವಡೆ ಮೂಳೆ ಮಾಯೋದಿಲ್ಲ. ಇನ್ನು ಹೊಗೆಸೊಪ್ಪು ಬಾಯಿಗೆ ಹೋದ್ರೆ ಇಷ್ಟು ದಿನ ಪಟ್ಟ ಪಾಡೆಲ್ಲ ದಂಡ. ಕಾಯಿಲೆ ವಾಪಸ್ ಬರಬಹುದು."

ಮೆತ್ತನೆ ಬ್ರಶ್ಶು, ಉಪ್ಪು ಸೋಡದ ಉಗುರುಬೆಚ್ಚಗಿನ ನೀರು, ಹಲ್ಲಿನ ಅಚ್ಚಿಗೆ ಮಾಡಿದ ಎರಡು ಟ್ರೇ. ಅದರೊಳಗೆ ಫ್ಲೋರೈಡ್ ಜೆಲ್ ಹಾಕಿ ದಿನವೂ ಕಚ್ಚಿ ಕೂರಬೇಕು. ಕುದುರೆಗೆ ಕಡಿವಾಣ ಹಾಕಿದ ಹಾಗೆ. ಮಗ, ಸೊಸೆ ಕೆಲಸಕ್ಕೆ ಹೊರಟ ಮೇಲೇ ಹಾಕಿಕೊಳ್ಳುತ್ತಿದ್ದೆ. ಬಸ್ಸು ತುಂಬ ಜನರನ್ನು ಗದರಿಸಿದ ಬಾಯಿಗೆ ಈ ಗತಿ ಬಂತಲ್ಲ ಎಂದು ಆ ಟ್ರೇಯ ಮೇಲೆ, ಆ ಹುಡುಗಿಯ ಮೇಲೆ, ಕೊನೆಗೆ ಬೆಚ್ಚಗಿನ ನೀರು ಹಿಡಿದು ನಿಂತ ಜಯನ ಮೇಲೂ ಅಸಹ್ಯಪಟ್ಟೆ. ವಾರ ಕಳೆಯುವುದರೊಳಗೆ ಬಿಟ್ಟೆ. ಹಾಕಿಕೊಂಡೆ ಎಂದು ಸುಳ್ಳು ಹೇಳತೊಡಗಿದೆ.

ಮುದ್ದೆಯಾದರೂ ತಿನ್ನಬಹುದೆಂದುಕೊಂಡಿದ್ದೆ. ನಮ್ಮಲ್ಲಿ ಮುದ್ದೆ ನುಂಗುವುದು, ಅಗಿಯುವುದಲ್ಲ. ಹಲ್ಲಿನ ಹಂಗಿಲ್ಲದ ಊಟ. ಆದರೆ ಜೊಲ್ಲಿಲ್ಲದ ಗಂಟಲಲ್ಲಿ ಮುದ್ದೆ ಕಲ್ಲಿನಂತೆ ನಿಲ್ಲುತ್ತಿತ್ತು. ಬಿಸಿ ಸಾರು ಸುರಿದುಕೊಂಡರೆ ಹಲ್ಲಿನ ನೋವು ನೆತ್ತಿಗೇರುತ್ತಿತ್ತು. ತಟ್ಟೆಯ ಮುಂದೆ ಕಣ್ಣೀರು ಹಾಕಿದ್ದೇನೆ. ಕ್ಯಾನ್ಸರಿಗೆ ಅಳದವನು ಅವರೆಕಾಳಿನ ಸಾರಿಗೆ ಅತ್ತೆ.

ಆಗ ಬಂದವನು ಶಿವಣ್ಣ. ನಮ್ಮ ಬಸ್ಸಿನ ಡ್ರೈವರ್ ಆಗಿದ್ದವನು, ಹಗರೆ ಊರಿನವನು.

"ಏನ್ಲಾ ಕೃಷ್ಣ, ಹಲ್ಲಿಗೆ ಇಷ್ಟೊಂದು ರಂಪ ಮಾಡ್ತೀಯ. ಒಂದೆಳೆ ಹೊಗೆಸೊಪ್ಪು ಒತ್ಕೊ. ಮರಗಟ್ಟಿ ಹೋಯ್ತದೆ."

"ಅದರಿಂದ್ಲೇ ಅಲ್ವೇನ್ಲಾ ಬಂದಿದ್ದು?"

"ಅದು ಅಗಿದ್ರೆ. ಇದು ಔಸ್ದಿ. ಒತ್ತಿ ಇಟ್ಕೊಳದು, ಅಷ್ಟೇಯ."

ನಮ್ಮ ಕಡೆ ಹಲ್ಲುನೋವಿಗೆ ಹೊಗೆಸೊಪ್ಪು ಒತ್ತುವುದು ಹಳೆಯ ರೂಢಿ. ಅದನ್ನು ಚಟ ಎಂದು ಯಾರೂ ಲೆಕ್ಕಕ್ಕಿಡುವುದಿಲ್ಲ. ಹತ್ತನೇ ತರಗತಿ ಪಾಸಾದ ನಾನು, ಅದೇ ಸೊಪ್ಪಿಗೆ ಕೆನ್ನೆ ಸುಡಿಸಿಕೊಂಡ ನಾನು, ಔಷಧಿಯೆಂದು ಹೆಸರಿಟ್ಟು ಅದನ್ನು ಮತ್ತೆ ಬಾಯಿಗಿಟ್ಟೆ. ಶಿವಣ್ಣನಿಗೆ ತಿಳಿವಳಿಕೆ ಸಾಲದು. ನನಗೆ ತಿಳಿದಿತ್ತು. ಅವನಿಗಿಂತ ಹೇಸಿಗೆ ನಾನು.

ಹಲ್ಲೇನೋ ಮರಗಟ್ಟಿತು. ವಾಸನೆಗೆ ಲವಂಗದೆಣ್ಣೆ ಸವರಿಕೊಂಡೆ. ಪೊಟ್ಟಣ ಅಂಗಿಯ ಜೇಬಿನಲ್ಲಿ.

ಒಂದು ಮಧ್ಯಾಹ್ನ ಜಯ ತೆಂಗಿನಕಾಯಿ ತುರಿಯುತ್ತ ಏನೋ ಕೇಳಿದಳು. ನಾನು ಉತ್ತರ ಕೊಟ್ಟೆ. ಅವಳ ಕೈ ನಿಂತಿತು.

"ಗದ್ದ ಯಾಕೆ ಮೇಲೆತ್ತಿದ್ದೀರ?"

ಬಾಯಲ್ಲಿ ಹೊಗೆಸೊಪ್ಪಿಟ್ಟುಕೊಂಡವನು ರಸ ಚೆಲ್ಲದಂತೆ ಗದ್ದ ಎತ್ತಿ ಮಾತಾಡುತ್ತಾನೆ. ನನ್ನ ಬಾಯಲ್ಲಿ ಚೆಲ್ಲಲು ಹನಿ ಜೊಲ್ಲೂ ಇರಲಿಲ್ಲ. ಆದರೂ ಗದ್ದ ತಾನಾಗಿ ಎದ್ದಿತ್ತು.

ಅವಳು ಕೈ ಒರೆಸಿಕೊಂಡು ಬಂದು ನನ್ನ ಜೇಬಿಗೆ ಕೈ ಹಾಕಿದಳು. ಪೊಟ್ಟಣ ಬಿಚ್ಚಿ, ದೊಡ್ಡದೊಂದು ಎಳೆ ಮುರಿದು, ತನ್ನ ಬಾಯಿಗೆ ಹಾಕಿಕೊಂಡಳು.

"ಏನೇ ಇದು, ಉಗಿಯೇ."

"ಯಾಕೆ? ನನ್ ಕೈಯಾರೆ ಮಡಿಚಿ ಕೊಟ್ಟು ನಿಮ್ಮ ಬಾಯಿ ಸುಟ್ಟೆ ಅಂತ ದಿನಾ ಸಾಯ್ತಿದೀನಿ. ನೀವು ಮತ್ತೆ ಹಾಕ್ಕೋತೀರ. ಹಾಕ್ಕೊಳಿ. ನಾನೂ ಹಾಕ್ಕೋತೀನಿ. ಇಬ್ರೂ ಒಂದೇ ವಾರ್ಡಲ್ಲಿ ಇರಾಣ."

ಅಗಿಯತೊಡಗಿದಳು. ಅಭ್ಯಾಸ ತಪ್ಪಿದ ಬಾಯಿ. ಕಣ್ಣಲ್ಲಿ ನೀರು ಬಂತು. ನಿಲ್ಲಿಸಲಿಲ್ಲ.

"ನಿನ್ನ ಎಲೆಯಿಂದ ಬಂದದ್ದಲ್ಲ ಕಣೇ" ಎಂದೆ.

ಅವಳ ದವಡೆ ನಿಂತಿತು.

ಹೇಳಿದೆ. ಬೆಳಗಿನ ಮೊದಲ ಟ್ರಿಪ್ಪಿನಿಂದ ಕೊನೆಯ ಟ್ರಿಪ್ಪಿನವರೆಗೂ ಎಡಗೆನ್ನೆಯಲ್ಲಿ ಒತ್ತಿಟ್ಟಿರುತ್ತಿದ್ದೆ. ಟಿಕೆಟ್ ಹರಿಯುವಾಗಲೂ ಇತ್ತು, ಹಳೇಬೀಡಿನಲ್ಲಿ ಟೀ ಕುಡಿದ ಮರುಗಳಿಗೆಯೂ ಇತ್ತು. ಮನೆಗೆ ಬರುವ ಮುಂಚೆ ಡಿಪೋದ ನಲ್ಲಿಯಲ್ಲಿ ಬಾಯಿ ತೊಳೆದು ಬರುತ್ತಿದ್ದೆ. ನಿನ್ನ ಚೂರು ಅದರ ಮುಂದೆ ಏನೂ ಅಲ್ಲ. ಡಾಕ್ಟರ ಮುಂದೆ ನಿನ್ನ ತಲೆಗೆ ಕಟ್ಟಿದೆ. ನೀನು ಹೊತ್ತುಕೊಂಡೆ. ನಾನು ಸುಮ್ಮನಿದ್ದೆ.

ಅವಳು ಬಚ್ಚಲಿಗೆ ಹೋಗಿ ಉಗಿದಳು. ಬಹಳ ಹೊತ್ತು ಬಾಯಿ ಮುಕ್ಕಳಿಸಿದಳು. ಹೊರಗೆ ಬಂದು ನನ್ನನ್ನು ನೋಡಿದ ನೋಟವಿದೆಯಲ್ಲ, ನಾನು ಜೀವಮಾನವಿಡೀ ಪ್ರಯಾಣಿಕರನ್ನು ನೋಡಿದ್ದು ಅದೇ ನೋಟದಿಂದ. ಅದು ತಿರುಗಿ ನನ್ನ ಮೇಲೆ ಬಿದ್ದದ್ದು ಅಂದೇ.

"ಥೂ, ನೀವೊಬ್ರು ಮನುಷ್ಯರಾ" ಎಂದಳು.

ಆ ವಾರವೆಲ್ಲ ಮಾತಿಲ್ಲ. ಬೆಚ್ಚಗಿನ ನೀರಿನ ಲೋಟ ಮಾತ್ರ ಹೊತ್ತಿಗೆ ಸರಿಯಾಗಿ ನನ್ನ ಪಕ್ಕ ಬಂದು ಕೂರುತ್ತಿತ್ತು, ಕುಕ್ಕಿದ ಸದ್ದಿನೊಂದಿಗೆ. ನಾನಾಗಿಯೇ ಟ್ರೇ ಹಾಕಿಕೊಂಡೆ. ಮಗ ಸೊಸೆಯ ಎದುರೇ ಹಾಕಿಕೊಂಡೆ.

ಡಾಕ್ಟರ ಬಳಿ ಹೋಗಿ ಎಲ್ಲ ಒಪ್ಪಿಕೊಂಡೆ. ಹುಡುಗಿ ಬೈದಳು, ನೋಡಿದಳು, ಮತ್ತೆ ನೋಡಿದಳು. ಹೊಸ ಗುರುತೇನೂ ಕಾಣಲಿಲ್ಲ, ಆದರೆ ತಪ್ಪದೆ ಬರುತ್ತಿರಬೇಕು ಎಂದಳು. ಜಯನ ಬಾಯನ್ನೂ ತೋರಿಸಿದೆ. "ಅಜ್ಜೀದು ಸದ್ಯಕ್ಕೆ ಚೆನ್ನಾಗಿದೆ" ಎಂದಳು. ಆ ಸದ್ಯಕ್ಕೆ ಎಂಬ ಮಾತನ್ನೇ ನಾವಿಬ್ಬರೂ ಹಿಡಿದುಕೊಂಡು ಮನೆಗೆ ಬಂದೆವು.

ಹಲ್ಲು ಈಗಲೂ ಜುಮ್ಮೆನ್ನುತ್ತದೆ. ಮೊದಲಿನಷ್ಟಿಲ್ಲ. ಮುದ್ದೆಯನ್ನು ತೆಳ್ಳಗೆ, ಆರಿಸಿ ಕೊಡುತ್ತಾಳೆ. ಮಾತು ಬಂದಿದೆ, ಹಳೆಯ ಮಾತಲ್ಲ. ಅಷ್ಟು ಸಾಕು, ಅದಕ್ಕಿಂತ ಹೆಚ್ಚು ಕೇಳುವ ಮುಖ ನನಗಿಲ್ಲ.

ಮೊನ್ನೆ ಬಸ್ ಸ್ಟ್ಯಾಂಡಿನ ಎದುರು ಅವಳೇ ಎಳನೀರಿನ ಗಾಡಿ ನಿಲ್ಲಿಸಿದಳು. ಅಪರೂಪಕ್ಕೆ ಕುಡಿದು, ಕೂಡಲೇ ನೀರಲ್ಲಿ ಬಾಯಿ ಮುಕ್ಕಳಿಸಬಹುದೆಂದು ಡಾಕ್ಟರು ಹೇಳಿದ್ದರು. ನನ್ನ ಪಾಲನ್ನು ಸ್ಟೀಲ್ ಲೋಟಕ್ಕೆ ಬಗ್ಗಿಸಿಕೊಂಡು ಕಟ್ಟೆಯ ಮೇಲೆ ಬಿಸಿಲಿಗಿಟ್ಟಳು. ತನ್ನ ಬುರುಡೆಯನ್ನು ಎತ್ತಿ, ನನ್ನನ್ನೇ ನೋಡುತ್ತ, ಗಟಗಟ ಕುಡಿದಳು.

"ತಣ್ಣಗೈತೆ ಕಣ್ರೀ, ಬಲೇ ಚೆಂದಾಗೈತೆ" ಎಂದು ಬಾಯಿ ಒರೆಸಿಕೊಂಡಳು.

ಲೋಟ ಮುಟ್ಟಲು ಕೈ ಚಾಚಿದೆ.

"ಇರಿ. ಇನ್ನೂ ಕಾದಿಲ್ಲ."

ನಾನು ಕೈ ಹಿಂದೆ ತೆಗೆದುಕೊಂಡೆ. ಅವಳ ಪಕ್ಕ ಕೂತು ಕಾದೆ.