ಗಾಳಿ ಉಳಿಸಿಕೊಂಡ ದಾರಿ

ಹುಲುಗಪ್ಪ ಬ್ಲೋವರ್ ನಿಲ್ಲಿಸಿರಲಿಲ್ಲ. ಡಕ್ಟಿನ ಅಳತೆ ಕೆಡಿಸಿದವನು ನಾನು — ಸುಳ್ಳು ಹೇಳಿ ಅವನ ಕೆಲಸ ಕಳೆದವನೂ ನಾನೇ.

ಬಳ್ಳಾರಿಯಲ್ಲಿ ನನ್ನದೊಂದು ತಗಡಿನ ವರ್ಕ್‌ಶಾಪ್ ಇದೆ. ಗಾಳಿ ಆಡಿಸುವ ದುಂಡನೆಯ ಡಕ್ಟುಗಳಿಗೆ ಅಳತೆ ಹಾಕಿ, ಮಾಡಿ, ಜೋಡಿಸಿಕೊಡುವುದು ಕಸುಬು. ವರ್ಷಗಳ ಹಿಂದೆ ಸಿರುಗುಪ್ಪದ ಒಂದು ಅಕ್ಕಿ ಗಿರಣಿಯವರು ಬ್ಲೋವರ್ ಫ್ಯಾನಿನಿಂದ ಧೂಳು ಎಳೆದು ಹೊರಗೆ ಹಾಕುವ ಡಕ್ಟ್ ಬೇಕೆಂದರು. ಲೆಕ್ಕ ಹಾಕಿದರೆ ಕೊಳವೆಯ ಅಡ್ಡಳತೆ ಹನ್ನೆರಡು ಇಂಚು ಬಂತು. ಆದರೆ ನಮ್ಮ ಕಸುಬಿನವರಿಗೆ ಒಂದು ಚಟ — ನಾಲ್ಕಡಿ ಅಗಲದ ತಗಡನ್ನು ಕತ್ತರಿಸದೆ ಹಾಗೇ ಸುತ್ತಿಬಿಟ್ಟರೆ ಹದಿನೈದು ಇಂಚಿನ ಕೊಳವೆ ಆಗುತ್ತದೆ, ಚೂರು ಉಳಿಯುವುದಿಲ್ಲ, ಕೆಲಸವೂ ಬೇಗ. ಜೀನ್ಸ್ ಹೊಲಿಯುವ ಶೆಡ್ಡುಗಳಿಗೆ ಎಷ್ಟೋ ಸಲ ಹಾಗೇ ಮಾಡಿದ್ದೆ. ಬರೀ ಗಾಳಿಗೆ ದಾರಿ ದೊಡ್ಡದಾದರೆ ನಷ್ಟವೇನಿಲ್ಲ. ಧೂಳು ಹೊತ್ತ ಗಾಳಿಯ ಮಾತು ಬೇರೆ — ದಾರಿ ಅಗಲವಾದರೆ ಅದರ ಓಟ ಕುಗ್ಗುತ್ತದೆ, ಓಟ ಕುಗ್ಗಿದರೆ ಹೊತ್ತದ್ದನ್ನು ಇಳಿಸಿಬಿಡುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ... ಅಷ್ಟಕ್ಕೇನಾಗುತ್ತದೆ ಅಂದುಕೊಂಡು ಹದಿನೈದು ಇಂಚಿನದನ್ನೇ ಹಾಕಿದೆ.

ಕೆಲವು ತಿಂಗಳಲ್ಲೇ ಡಕ್ಟ್ ಭಾರ ತಾಳದೆ ಕೊಕ್ಕೆ ಕಿತ್ತುಕೊಂಡು ಕೆಳಗೆ ಬಿತ್ತು. ಊಟದ ಹೊತ್ತಾದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಓಡಿಹೋದೆ. ಒಂದು ತುಂಡು ಇನ್ನೂ ಮೇಲೇ ಉಳಿದಿತ್ತು. ಏಣಿ ಹತ್ತಿ ಅದರೊಳಗೆ ಟಾರ್ಚ್ ಬಿಟ್ಟೆ.

ಏನು ಹೇಳಲಿ... ತಳದಲ್ಲಿ ಧೂಳು ಗಟ್ಟಿಯಾಗಿ ಕೂತಿತ್ತು, ಅದರ ಮೈತುಂಬ ಸಣ್ಣ ಸಣ್ಣ ಅಲೆ. ಮೇಲೆ ಒಂದು ದಾರಿ ಮಾತ್ರ ತೆರವಾಗಿತ್ತು. ಟೇಪು ಹಿಡಿದೆ — ಆ ದಾರಿ ಹೆಚ್ಚೂಕಡಿಮೆ ನನ್ನ ಹನ್ನೆರಡು ಇಂಚಿನ ಲೆಕ್ಕಕ್ಕೇ ಬಂತು. ನಾನು ಬಿಟ್ಟ ಹೆಚ್ಚಿನ ಜಾಗವನ್ನು ಗಾಳಿ ತಾನೇ ಧೂಳಿನಿಂದ ತುಂಬಿ, ತನಗೆಷ್ಟು ಬೇಕೋ ಅಷ್ಟನ್ನೇ ಉಳಿಸಿಕೊಂಡಿತ್ತು. ಬೇಸಿಗೆಯಲ್ಲಿ ರಾರಾವಿ ಬಳಿ ಹೊಳೆ ಮರಳು ಬಿಟ್ಟು ಒಂದೇ ಕಡೆ ಹರಿಯುತ್ತದಲ್ಲ, ಹಾಗೆ. ಕಣ್ಣಿಗೆ ಕಾಣದ್ದು, ಕೈಗೆ ಸಿಗದ್ದು — ಅದು ನನಗಿಂತ ನಿಯತ್ತಿನಿಂದ ನಡೆದುಕೊಂಡಿತ್ತು. ಕೈಮುಗಿಯಬೇಕೆನಿಸಿತು, ನಿಜವಾಗಿ.

ಅಂಥದ್ದನ್ನು ಕಂಡು ಇಳಿದವನು ಏಣಿಯ ಬುಡದಲ್ಲೇ ಸುಳ್ಳು ಹೇಳಿದೆ.

"ಯಾಕ್ರಿ ಹಿಂಗಾತು?" ಅಂದರು ಗಿರಣಿಯ ಸಾವ್ಕಾರರು.

"ಬ್ಲೋವರ್ ನಡುನಡುವ ಬಂದ್ ಮಾಡ್ಯಾರ್ರಿ, ಗಾಳಿ ನಿಂತು ಧೂಳ ಕುಂತೈತಿ. ಆಪರೇಟರ್ ಮಕ್ಕೊಂಡಿರ್ಬೇಕು."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೆ ನೆಲದ ಬದಲು ಒಬ್ಬ ಮನುಷ್ಯ ಸಿಕ್ಕ. ಆಪರೇಟರ್ ಅಂದರೆ ಹುಲುಗಪ್ಪ, ಕುರುಗೋಡಿನವನು. "ಆಣಿ ಮಾಡಿ ಹೇಳ್ತೀನ್ರಿ, ನಾ ಬಂದ್ ಮಾಡಿಲ್ಲ" ಅಂದ. ನನ್ನಂಥ ಓದಿದವನ ಮಾತಿನ ಮುಂದೆ ಅವನ ಆಣೆ ನಿಲ್ಲಲಿಲ್ಲ. ಅವತ್ತೇ ಅವನನ್ನು ಕೆಲಸದಿಂದ ತೆಗೆದರು. ನಾನು 'ಹೊಸ ಮಾದರಿ' ಅಂತ ಹೇಳಿ ಹನ್ನೆರಡು ಇಂಚಿನ ಡಕ್ಟನ್ನೇ ಹಾಕಿದೆ. ಅದರಲ್ಲಿ ಇವತ್ತಿಗೂ ಧೂಳು ಕೂತಿಲ್ಲ.

ಆ ದಾರಿ ಮಾತ್ರ ಕಣ್ಣಿಂದ ಹೋಗಲಿಲ್ಲ. ಯಾವ ಡಕ್ಟಿನೊಳಗೆ ಇಣುಕಿದರೂ ಅದೇ — ಗಾಳಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂಬ ಬೆರಗು, ನನಗೆ ಬಂತಲ್ಲ ಎಂಬ ನಾಚಿಕೆ. ಕಳೆದ ತಿಂಗಳು ಸಾವ್ಕಾರರ ಮುಂದೆ ನಿಜ ಹೇಳಿ, ಅಲ್ಲಿಂದ ಕುರುಗೋಡಿಗೆ ಹೋದೆ.

ಹುಲುಗಪ್ಪ ಮನೆ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ಎಲ್ಲ ಹೇಳಿದೆ, ಗಾಳಿ ದಾರಿ ಉಳಿಸಿಕೊಂಡದ್ದನ್ನೂ. ಬೈಯುತ್ತಾನೆ ಅಂತ ಕಾದೆ. ಅವನು ಒಳಗೆ ತಿರುಗಿ ಹೆಂಡತಿಯನ್ನು ಕರೆದ.

"ಇನ್ನೊಮ್ಮಿ ಹೇಳ್ರಿ. ಈಕಿ ಮುಂದ."

ಹೇಳಿದೆ. ಆಕೆ ನನ್ನ ಕಡೆ ನೋಡಲೇ ಇಲ್ಲ. ಗಂಡನನ್ನೇ ನೋಡುತ್ತ ನಿಂತಳು.

"ನಾನೂ ನಿಮ್ಮನ್ನ ನಂಬ್ಲಿಲ್ಲಲ್ಲ" ಅಂದಳು.

ಅವನ ಕೆಲಸವೊಂದನ್ನೇ ಕಳೆದೆ ಅಂದುಕೊಂಡು ನಾನು ಇಷ್ಟು ವರ್ಷ ಬದುಕಿದ್ದೆ.