ಪೇಟಿ ಹೇಳಿದ ಶ್ರುತಿ

ನನ್ನ ನಾದಿನಿ ವಿಜಯಾ ಮೂರು ವಾರ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಜಗಳವೇನೂ ಆಗಿರಲಿಲ್ಲ. (ಆಗಬೇಕಿತ್ತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.) ಗಂಟಲಿನ ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟ ಮೊದಲ ಔಷಧಿಯೇ ಮೌನ. ಪಿಸುಮಾತೂ ಕೂಡದು ಎಂದು ಅದರ ಕೆಳಗೆ ಎರಡು ಗೆರೆ ಎಳೆದಿದ್ದರು.

ವಿಜಯಾ ಪ್ರೈಮರಿ ಶಾಲೆಯ ಟೀಚರು. ಎರಡನೇ ಇಯತ್ತೆ, ನಲವತ್ತೆಂಟು ಮಕ್ಕಳು. ದನಿ ಇಲ್ಲದ ಟೀಚರಿಗೆ ಆ ಕೋಣೆಯಲ್ಲಿ ಏನು ಕೆಲಸ? ಹೆಡ್‌ಮಿಸ್ಟ್ರೆಸ್ಸು ರಜೆ ಕೊಟ್ಟರು. ದೀಪಾವಳಿ ರಜೆ ಮುಗಿದ ಮೇಲೂ ದನಿ ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದೂ ಮೆತ್ತಗೆ ಹೇಳಿದರು. ವಿಜಯಾ ನಮ್ಮ ಮನೆಯ ಹಾಲಿನಲ್ಲಿ ಸ್ಲೇಟು ಬಳಪ ಹಿಡಿದು ಕೂತಳು.

ಶುರುವಾಯಿತು ನೋಡಿ ಫೋನು! ಪುಣೆಯ ನಮ್ಮ ಕನ್ನಡ ಮಂದಿಯಲ್ಲಿ ಸುದ್ದಿ ಊರೊಳಗಿನ ಸ್ವಾರಗೇಟಿನಿಂದ ಊರಾಚೆಯ ದೇಹೂ ರೋಡಿಗೆ ಮುಟ್ಟಲು ಒಂದು ಮಧ್ಯಾಹ್ನ ಸಾಕು. ‘ಜ್ಯೇಷ್ಠಮಧು ಚೀಪಲಿಕ್ಕೆ ಹೇಳ್ರಿ.’ ‘ಮೆಣಸಿನ ಕಷಾಯ ಕೊಡ್ರಿ, ಗಂಟಲಿಗೆ ಹತ್ತಬೇಕು ನೋಡ್ರಿ.’ ‘ಮಜ್ಜಿಗಿ ಕುಡದಿದ್ಲೇನು?’ ಒಬ್ಬ ಪುಣ್ಯಾತ್ಮರಂತೂ, ‘ನಸುಕಿನ್ಯಾಗ ಎದ್ದು ಒಂದು ತಾಸು ಜೋರಾಗಿ ಹಾಡಿದ್ರ ತಾನ ಬಿಡ್ತದ’ ಎಂದರು. ಕಾಲು ಉಳುಕಿದವನಿಗೆ ಓಡು ಎಂದ ಹಾಗೆ!

ಸ್ವಾಮಿ, ಕಷಾಯ ಹೋಗುವುದು ಅನ್ನನಾಳಕ್ಕೆ. ದನಿ ಹುಟ್ಟುವುದು ಉಸಿರಿನ ಕೊಳವೆಯ ಬಾಯಲ್ಲಿ. ಕಷಾಯ ಅಲ್ಲಿಗೆ ಹತ್ತಿದರೆ ನೀವು ಕೆಮ್ಮಿ ಕೆಮ್ಮಿ ಕಣ್ಣು ಮೇಲೆ ಮಾಡುತ್ತೀರಿ. ಇದನ್ನು ನಾನು ಫೋನಿನಲ್ಲಿ ಎಷ್ಟು ಜನಕ್ಕೆ ಹೇಳಿದೆನೋ, ಕೊನೆಗೆ ನನ್ನ ಗಂಟಲೇ ಒಣಗಿತು.

ಅಸಲಿ ಕಾರಣ ಯಾರೂ ಕೇಳಲಿಲ್ಲ. ಕೇಳಿದ್ದರೆ ನಮ್ಮ ಭಜನಾ ಮಂಡಳದ ಪೇಟಿಯನ್ನು ತೋರಿಸುತ್ತಿದ್ದೆ.

ನಮ್ಮ ಮಂಡಳದಲ್ಲಿ ಹನ್ನೊಂದು ಹೆಂಗಸರು. ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವವರು ಒಬ್ಬರೇ, ಸುಮಿತ್ರಾಬಾಯಿ. ಅವರ ಅತ್ತೆ ಬೆಳಗಾವಿಯಿಂದ ತಂದ ಪೇಟಿ ಅದು. ಅತ್ತೆ ಐದನೇ ಕಪ್ಪು ಮನೆಯನ್ನು, ಅಂದರೆ ಐದನೇ ಕರಿ ಕೀಲಿಯನ್ನು, ಸಾ ಮಾಡಿಕೊಂಡು ಹಾಡುತ್ತಿದ್ದರಂತೆ, ಸೊಸೆಗೂ ಅಲ್ಲಿಂದಲೇ ಬೆರಳು ಕೂರಿಸಿದರು. ಸುಮಿತ್ರಾಬಾಯಿಗೆ ಇವತ್ತಿಗೂ ಅದೊಂದೇ ಶ್ರುತಿ ಬರುವುದು. ಹಾಗಾಗಿ ಹನ್ನೊಂದು ಗಂಟಲುಗಳಿಗೂ ಸ್ವರ್ಗಸ್ಥ ಅತ್ತೆಯ ಶ್ರುತಿಯೇ ಗತಿ. ಎಟುಕಿದವರು ಹಾಡುತ್ತೇವೆ, ಎಟುಕದವರು ತಾಳ ಕುಟ್ಟುತ್ತೇವೆ. (ನಾನು ತಾಳ.)

ವಿಜಯಾಳದು ಎಟುಕುವ ದನಿಯಲ್ಲ, ಎಟುಕಿಸಿಕೊಂಡ ದನಿ. ಗದ್ದ ಎತ್ತಿ, ಕತ್ತಿನ ನರ ಉಬ್ಬಿಸಿ ಮೇಲಿನ ಸ್ವರ ಹಿಡಿಯುತ್ತಿದ್ದಳು. ಅವಳ ಬೆನ್ನ ಹಿಂದೆ ಕೂತು, ‘ಎತ್ತು ವಿಜಿ, ಇನ್ನೂ ಎತ್ತು’ ಎನ್ನುತ್ತಿದ್ದವಳು ಯಾರು? ನಾನೇ. ಈ ಸಲ ನವರಾತ್ರಿಗೆ ದಿನಕ್ಕೆರಡು ಮನೆಯ ಭಜನೆ. ಮೂರನೇ ದಿನ ದನಿ ಗೊಗ್ಗರಾಯಿತು. ಬಿಸಿನೀರು ಕುಡಿಸಿ ಹಾಡಿಸಿದೆವು. ಏಳನೇ ದಿನ ಬಾಯಿ ತೆರೆದಳು, ಬರೀ ಗಾಳಿ ಬಂತು. ಜಗಳ ಆಗಬೇಕಿತ್ತು ಎಂದೆನಲ್ಲ, ಇದಕ್ಕೇ.

ಡಾಕ್ಟರು ಗಂಟಲಿನೊಳಗಿನ ಚಿತ್ರವನ್ನು ಟೀವಿಯಲ್ಲಿ ತೋರಿಸಿದರು. ಬೆಳ್ಳಗಿನ ಎರಡು ಎಳೆ, ಎರಡರ ನಡುವೆ ಎದುರುಬದುರಾಗಿ ಎರಡು ಪುಟ್ಟ ಗಂಟು. ಆ ಎಳೆಗಳು ಸೆಕೆಂಡಿಗೆ ನೂರಾರು ಸಲ ಒಂದಕ್ಕೊಂದು ತಾಗುತ್ತವಂತೆ. ಶ್ರುತಿ ಏರಿದಷ್ಟೂ ಹೆಚ್ಚು, ಹಟ ಹಿಡಿದಷ್ಟೂ ಜೋರು. ಚಪ್ಪಲಿ ಒತ್ತಿದಲ್ಲಿ ಕಾಲಿಗೆ ಆಣಿ ಆಗುವುದಿಲ್ಲವೇ, ಹಾಗೆ. ಅಳತೆಯ ಚಪ್ಪಲಿ ಹುಡುಕಿ ನಾವು ಹತ್ತು ಅಂಗಡಿ ಹತ್ತಿ ಇಳಿಯುತ್ತೇವೆ. ಗಂಟಲಿಗೆ ಅಳತೆ ಉಂಟು ಎಂದು ನಮಗೆ ಯಾರು ಕಲಿಸಿದ್ದರು?

ಮೌನದ ವಾರಗಳು ಮುಗಿದ ಮೇಲೆ ಸ್ಪೀಚ್ ಥೆರಪಿಸ್ಟ್ ಬಳಿ ಹೋದೆವು. ಮೈಸೂರು ಕಡೆಯ ಹುಡುಗಿ. ‘ಮೇಡಂ, ಕಂಫರ್ಟಬಲ್ ಆಗಿ ಒಂದು ಸಾ ಹಿಡೀರಿ’ ಎಂದಳು. ವಿಜಯಾ ಅಭ್ಯಾಸಬಲದಿಂದ ಗದ್ದ ಎತ್ತಿದಳು.

‘ಅಯ್ಯೋ, ಕತ್ತು ಯಾಕೆ ಎತ್ತುತ್ತೀರಾ? ಶ್ರುತಿ ಏನು ಅಟ್ಟದ ಮೇಲಿದ್ಯಾ? ನಿಮ್ಮ ಶ್ರುತಿ ಯಾರು ಫಿಕ್ಸ್ ಮಾಡಿದ್ದು?’

ವಿಜಯಾ ಇನ್ನೂ ಬಾಯಿ ಬಿಡಲು ಅಂಜಿ ಸ್ಲೇಟಿನ ಮೇಲೆ ಬರೆದಳು: ‘ಪೇಟಿ.’

ಹುಡುಗಿ ನಗಲಿಲ್ಲ. ನನಗೆ ನಾಚಿಕೆಯಾಯಿತು.

ಆಮೇಲೆ ದಿನಾ ಮನೆಯಲ್ಲಿ ತುಟಿ ಅದುರಿಸುವ ಪಾಠ. ಆಟೋ ಸ್ಟಾರ್ಟ್ ಆಗುವಾಗಿನ ಬುರ್ ಬುರ್ ಸದ್ದು. ಹೆಗಲು ಸಡಿಲ, ಹೊಟ್ಟೆಯಿಂದ ಉಸಿರು, ಗಂಟಲು ಕ್ಯಾಕರಿಸುವುದು ಬಂದ್, ಆಗಾಗ ಗುಟುಕು ನೀರು. ಮಾತಿನ ದನಿ ನಿಧಾನಕ್ಕೆ ಮರಳಿತು. ರಜೆ ಮುಗಿದು ಶಾಲೆ ಶುರುವಾದಾಗ ಕೂಗುವ ಬದಲು ಮೇಜಿನ ಮೇಲೆ ಒಂದು ಗಂಟೆ ಇಟ್ಟುಕೊಂಡಳು. ಕೆಲಸ ಉಳಿಯಿತು.

ನಾನು ಈ ಹೊಸ ಜ್ಞಾನ ಹೊತ್ತುಕೊಂಡು ಮಂಡಳಕ್ಕೆ ಹೋದೆ. ‘ವಿಜಿ ದನಿಗೆ ನಾಲ್ಕನೇ ಬಿಳಿ ಮನಿ ಸರಿ ಅಂತ ಥೆರಪಿ ಹುಡುಗಿ ಹೇಳ್ಯಾಳ. ಸ್ವಲ್ಪ ಕೆಳಗಿಂದ ನುಡಸ್ರಿ ಸುಮಿತ್ರಾಬಾಯಿ.’

ಅವರು ಪೇಟಿಯ ಬಾಯಿ ಮುಚ್ಚಿದರು. ‘ನನ್ನ ಕೈ ಕೂತದ್ದು ಕರಿ ಐದರ ಮ್ಯಾಲೆ ರೀ. ಈ ವಯಸ್ಸಿನ್ಯಾಗ ಬ್ಯಾರೆ ಎಲ್ಲಿಂದ ಕಲೀಲಿ?’

ಎಲ್ಲರೂ ನನ್ನನ್ನೇ ನೋಡಿದರು, ನಾನು ದೇವರಿಗೇ ಬೈದವಳ ಹಾಗೆ. ಮೂಲೆಯಿಂದ ಒಬ್ಬರು ತೀರ್ಪು ಕೊಟ್ಟರು: ‘ಹಾಡೋರು ಹತ್ತು ಮಂದಿ ಸಿಗ್ತಾರ ರೀ. ಪೇಟಿ ನುಡಸೋರು ಎಲ್ಲಿ ಸಿಗ್ತಾರ?’

ವಿಜಯಾಳ ಜಾಗಕ್ಕೆ ಹತ್ತೊಂಬತ್ತರ ಶುಭಾಳನ್ನು ಕೂರಿಸಿದರು. ‘ಅಕಿ ದನಿ ಭಾಳ ಎತ್ತರ ಹೋಗ್ತದ’ ಅಂತೆ! ಅವಳ ಗದ್ದ ಮೊದಲ ಪದಕ್ಕೇ ಮೇಲೆದ್ದದ್ದನ್ನು ನಾನು ನೋಡಿದೆ. ಹೇಳಿದೆ ಕೂಡ. ಯಾರೂ ಕೇಳಿಸಿಕೊಳ್ಳಲಿಲ್ಲ, ಯಾಕೆಂದರೆ ಪೇಟಿಗೆ ಹೊಸ ಗವಸು ಹೊಲಿಸುವ ಚರ್ಚೆ ನಡೆದಿತ್ತು. ಒಳಗೆ ಧೂಳು ಹೊಕ್ಕರೆ ಸ್ವರ ಕೆಡುತ್ತದಂತೆ.

ಮೊನ್ನೆ ಶನಿವಾರ ನಾನು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಅಡುಗೆಮನೆಯಿಂದ ದಾಸರ ಪದ ಕೇಳಿತು. ತುಂಬು ದನಿ, ತಗ್ಗಿನದು, ಎಲ್ಲೂ ತಿಣುಕುವುದಿಲ್ಲ. ಯಾರೋ ಹಾಡುವವರು ಮನೆಗೆ ಬಂದಿದ್ದಾರೆ, ಚಹಾಕ್ಕೆ ಇಡಬೇಕು ಎಂದು ಒದ್ದೆ ಕೈಯಲ್ಲೇ ಒಳಗೆ ಓಡಿದೆ. ವಿಜಯಾ ಒಬ್ಬಳೇ ಕೂತು ಮೆಂತ್ಯ ಸೋಸುತ್ತಿದ್ದಳು.

‘ಯಾರು ಬಂದಾರ?’ ಎಂದೆ.

‘ಯಾರೂ ಇಲ್ಲ ವೈನಿ, ನಾನ’ ಎಂದಳು.

ಹನ್ನೆರಡು ವರ್ಷ ಬೆನ್ನ ಹಿಂದೆ ಕೂತು ‘ಎತ್ತು, ಎತ್ತು’ ಎಂದೆನಲ್ಲ, ಅಷ್ಟೂ ವರ್ಷ ನಾನು ಕೇಳಿದ್ದು ಯಾರ ದನಿ?