ಬುಧವಾರದ ಉಪವಾಸ

ತೊಂಬತ್ತರ ದಶಕದಲ್ಲಿ ನಾನು ಅಡುಗೆ ಎಣ್ಣೆಯ ಸರ್ವೆಗೆ ಅಂತ ಮನೆಮನೆ ಸುತ್ತುತ್ತಿದ್ದೆ. ಜೀವನ್ ಬಿಮಾ ನಗರದ ಒಂದು ಮನೆಯಲ್ಲಿ ತಾಯಿ ಬಾಗಿಲು ತೆಗೆದರು. ಕಾಲೇಜು ಓದುವ ಮಗಳು ಊಟದ ಮೇಜಿನ ಮುಂದೆ ಕೂತಿದ್ದಳು. ಅವಳ ಕೈಗಡಿಯಾರ ಮೊಣಕೈ ತನಕ ಜಾರಿದ್ದು ನೋಡಿ ನನಗೆ ದಿಗಿಲಾಯಿತು.

"ಮನೇಲಿ ಯಾರಾದ್ರೂ ಉಪವಾಸ ಮಾಡ್ತಾರಾ?" ಫಾರಂ ನೋಡಿಕೊಂಡು ಕೇಳಿದೆ.

"ಇವಳು ಮಾಡ್ತಾಳೆ. ಸೋಮವಾರ ಶಿವನಿಗೆ, ಮಂಗಳವಾರ ದೇವಿಗೆ, ಗುರುವಾರ ರಾಯರಿಗೆ, ಶನಿವಾರ ಆಂಜನೇಯನಿಗೆ," ಅಂದರು ತಾಯಿ.

ಅವತ್ತು ಬುಧವಾರ. ಮಗಳ ತಟ್ಟೆಯಲ್ಲಿ ಕಲಸಿದ ಅನ್ನ ಹಾಗೇ ಒಣಗಿತ್ತು. ನಾನು ಅದನ್ನು ನೋಡಿದ್ದು ತಾಯಿಗೂ ಗೊತ್ತಾಯಿತು.

"ವ್ರತ ಅಂದ್ರೆ ಜನ ಕೈ ಮುಗೀತಾರೆ ಕಣಮ್ಮಾ," ಅಂತ ದನಿ ತಗ್ಗಿಸಿದರು. "ಊಟ ಕಂಡ್ರೆ ಹೆದರ್ತಾಳೆ ಅಂದ್ರೆ ಹುಚ್ಚು ಅಂತಾರೆ."

"ನಿಜಾನೇ ಬರ್ಕೊಳ್ಳಿ ಅಕ್ಕಾ," ಅಂದಳು ಮಗಳು. "ಯಾರಾದ್ರೂ ಓದ್ಲಿ."

ಫಾರಂನಲ್ಲಿ 'ವ್ರತ' ಅಂತ ಬರೆಯಲು ಹೋಗಿ ನಿಲ್ಲಿಸಿದೆ. ಕೊನೆಗೆ 'ವ್ರತವಲ್ಲ, ಕಾಯಿಲೆ' ಅಂತ ಬರೆದೆ. ಇನ್ನೊಂದು ಚೀಟಿಯಲ್ಲಿ ನನ್ನ ತಂಗಿಯನ್ನು ತೋರಿಸಿದ್ದ ಡಾಕ್ಟರ ವಿಳಾಸ ಬರೆದು ಮಗಳ ಕೈಗೆ ಕೊಟ್ಟೆ. ತಂಗಿಗೂ ಹೀಗೇ ಆಗಿತ್ತು ಅಂತ ಹೊರಗಿನವರ ಮುಂದೆ ನಾನು ಬಾಯಿಬಿಟ್ಟಿದ್ದು ಅದೇ ಮೊದಲು.

"ತಂಗಿ ಈಗ ಊಟ ಮಾಡ್ತಾಳಾ?" ಅಂತ ತಾಯಿ ಕೇಳಿದರು.

"ಮಾಡ್ತಾಳೆ. ನಮ್ಮನ್ನೆಲ್ಲ ಬೈಕೊಂಡು."

ಮಗಳು ಸಣ್ಣಗೆ ನಕ್ಕಳು. ತಾಯಿ ಆ ಚೀಟಿ ಇಸ್ಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಆಮೇಲೇನಾಯಿತೋ ನನಗೆ ಗೊತ್ತಿಲ್ಲ.

ನಮ್ಮ ಆಫೀಸಿನಲ್ಲಿ ಸೂಪರ್‌ವೈಸರು ಮಾತ್ರ, ಕಾಯಿಲೆಗೆ ಕಾಲಂ ಇಲ್ಲ ಅಂತ ನಾನು ಬರೆದದ್ದನ್ನು ಹೊಡೆದುಹಾಕಿ, 'ದೈವಭಕ್ತ ಕುಟುಂಬ' ಅಂತ ತಿದ್ದಿದರು.